ಮಂಗಳ ಹಾಡದ ಕ್ಯಾಸೆಟ್ಟು

ಅತನೂರಿನ ಮಾಳಿಂಗಪ್ಪನಿಗೆ ವಾರದಲ್ಲಿ ಒಂದೇ ದಿನ ಸರಿಯಾಗಿ ಬೆಳಗಾಗುತ್ತಿತ್ತು, ಅದು ಸೋಮವಾರ. ಅವತ್ತು ಅವನು ಹೊತ್ತಿಗೆ ಮೊದಲೇ ಸ್ನಾನ ಮಾಡಿ, ಹಣೆಗೆ ಭಂಡಾರ ಹಚ್ಚಿ, ತಲೆಗೆ ಗುಲಾಬಿ ಪಟಗ ಸುತ್ತಿ, ಮೊದಲ ಟೆಂಪೋ ಹಿಡಿದು ಅಫಜಲಪುರಕ್ಕೆ ಹೋಗುತ್ತಿದ್ದ. ಹೋಗಿ ಬಸ್ ಸ್ಟ್ಯಾಂಡಿನ ಎದುರಿನ ಪಾನ್ ಡಬ್ಬಿ ಅಂಗಡಿಯ ಮರೆಗೆ ನಿಂತು, ಯಾರೂ ತನ್ನನ್ನು ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ರಸ್ತೆಯ ಆಚೆ ಕಡೆ ಕಣ್ಣು ಹಾಯಿಸುತ್ತಿದ್ದ. ಇಡೀ ಬಸ್ ಸ್ಟ್ಯಾಂಡು ಅವನನ್ನೇ ನೋಡುತ್ತಿತ್ತು ಎಂಬುದು ಬೇರೆ ಮಾತು.

ರಸ್ತೆಯ ಆಚೆ ನಾಗಣ್ಣನ ಕ್ಯಾಸೆಟ್ ಅಂಗಡಿ. ಅದರ ಮುಂದೆ ಒಂದು ಕರಿಹಲಗೆ. ಆಳಂದದಲ್ಲಿ ನಾಗಣ್ಣನ ಅಳಿಯನ ಅಂಗಡಿ ಇತ್ತು, ಜೇವರ್ಗಿಯಲ್ಲಿ ಬೀಗನದು. ಹಿಂದಿನ ವಾರ ಯಾವ ಕ್ಯಾಸೆಟ್ಟು ಎಷ್ಟು ಹೋಯಿತು ಎಂದು ಅವರಿಬ್ಬರೂ ಚೀಟಿ ಬರೆದು ಕಂಡಕ್ಟರುಗಳ ಕೈಯಲ್ಲಿ ಕಳಿಸುತ್ತಿದ್ದರು. ನಾಗಣ್ಣ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಹಸಿಬಟ್ಟೆಯಿಂದ ಹಲಗೆ ಒರೆಸಿ, ಮೂರೂ ತಾಲೂಕಿನ ಲೆಕ್ಕ ಕೂಡಿಸಿ, ಒಂದರಿಂದ ಐದರವರೆಗೆ ನಂಬರ್ ಬರೆಯುತ್ತಿದ್ದ. ಅದು ಎಂಬತ್ತೆಂಟನೆಯ ಇಸವಿ. ಮುಂಬಯಿಯ ಸಿನೆಮಾ ಹಾಡುಗಳು ಆ ಹಲಗೆಯ ಮೇಲೆ ಮೂರು, ನಾಲ್ಕನೆಯ ನಂಬರಿನಲ್ಲಿ ತಲೆ ತಗ್ಗಿಸಿಕೊಂಡು ಕೂತಿರುತ್ತಿದ್ದವು. ಒಂದನೆಯ ನಂಬರ್ ಮೂರು ವರ್ಷದಿಂದ ಮಾಳಿಂಗಪ್ಪನದು. ಎರಡನೆಯದು ಜೇವರ್ಗಿ ತಾಲೂಕಿನ ಕೊಳಕೂರ ಹಣಮವ್ವನದು.

ಇವರಿಬ್ಬರೂ ಗೀಗೀ ಪದ ಹಾಡುವವರು. ಮಾಳಿಂಗಪ್ಪ ಹರದೇಶಿ, ಅಂದರೆ ಗಂಡು ಹೆಚ್ಚು ಎಂದು ಹಾಡುವವನು. ಹಣಮವ್ವ ನಾಗೇಶಿ, ಹೆಣ್ಣು ಹೆಚ್ಚು ಎಂದು ಹಾಡುವವಳು. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಕಡೆಗೆ ಇಬ್ಬರೂ ಕೂಡಿ ಮಂಗಳ ಹಾಡಬೇಕು. ಅದಾದ ಮೇಲೆ ಸೋತವರು ತಾವು ಬಾರಿಸುವ ದಪ್ಪನ್ನು ಗೆದ್ದವರ ಕೈಗೆ ಒಪ್ಪಿಸಬೇಕು. ಇಪ್ಪತ್ತು ವರ್ಷ ಊರೂರಿನ ಕಟ್ಟೆಯ ಮೇಲೆ ಎದುರುಬದುರು ನಿಂತು ಕಿತ್ತಾಡಿದ್ದರೂ ಇವಳು ಅವನ ದಪ್ಪು ಒಯ್ದಿರಲಿಲ್ಲ, ಅವನು ಇವಳದನ್ನು ಒಯ್ದಿರಲಿಲ್ಲ. ಮಾಳಿಂಗಪ್ಪನ ದಪ್ಪೆಂದರೆ ಸುಮ್ಮನೆ ಚರ್ಮ ಬಿಗಿದ ಬಳೆಯಲ್ಲ, ಅವನ ಗುರು ಅಂದೋಲಾದ ದೊಡ್ಡಪ್ಪ ಸಾಯುವಾಗ ಕೈಗಿಟ್ಟು ಹೋದದ್ದು. ಅದನ್ನು ಅವನು ಮನೆಯಲ್ಲಿ ದೇವರ ಪಕ್ಕದ ಗೂಟಕ್ಕೆ ತೂಗುಹಾಕುತ್ತಿದ್ದ. ಹೆಂಡತಿ ಗಂಗುಬಾಯಿ ಅದನ್ನು ಮುಟ್ಟುವಂತಿರಲಿಲ್ಲ, ಧೂಳು ಮಾತ್ರ ಒರೆಸಬಹುದಾಗಿತ್ತು.

ಇಂಥದರಲ್ಲಿ ಒಂದು ಸೋಮವಾರ ಹಲಗೆಯ ಮೇಲೆ ಹಣಮವ್ವ ಒಂದನೆಯ ನಂಬರಿಗೆ ಹತ್ತಿದಳು. ಮಾಳಿಂಗಪ್ಪ ಎರಡಕ್ಕೆ ಇಳಿದ. ಪಾನ್ ಡಬ್ಬಿಯ ಮರೆಯಲ್ಲಿ ಅವನಿಗೆ ಕಣ್ಣು ಕತ್ತಲೆ ಬಂತು. ಮರುವಾರವೂ ಹಾಗೇ, ಅದರ ಮರುವಾರವೂ ಹಾಗೇ. ಅವನಿಗೆ ಊಟ ಸೇರದಾಯಿತು. ಮನುಷ್ಯ ಹೊಟ್ಟೆಕಿಚ್ಚಿನಿಂದ ಸೊರಗಿದರೆ ಅದಕ್ಕೆ ಜ್ವರ ಎಂದು ಹೆಸರಿಡುವ ರೂಢಿ ನಮ್ಮ ಕಡೆ ಇದೆ. ಗಂಗುಬಾಯಿ ಕಷಾಯ ಮಾಡಿಕೊಟ್ಟಳು.

ನಾಲ್ಕನೆಯ ಸೋಮವಾರ ನಾಗಣ್ಣನೇ ರಸ್ತೆ ದಾಟಿ ಪಾನ್ ಡಬ್ಬಿಯ ಹಿಂದೆ ಬಂದ.

"ಮಾಳಿಂಗಪ್ಪಣ್ಣಾ, ಇಲ್ಲಿ ಯಾಕ ನಿಂತೀರಿ? ಬರ್ರಿ, ಚಾ ಕುಡಿಯೂಣು. ನಿಮ್ಮದೊಂದು ಹೋಗ್ತದ, ಆಕೀದೊಂದು ಹೋಗ್ತದ. ಇಬ್ರೂ ಒಂದ ಕ್ಯಾಸೆಟ್ಟಿನ್ಯಾಗ ಕುಂತ್ರ ಏನಾಗ್ತದ ಹೇಳ್ರಿ ನೋಡೂಣು?"

"ಜಗಳಾಗ್ತದ."

"ಮಂದಿಗಿ ಅದ ಬೇಕಾಗ್ಯಾದ್ರಿ! ಸೊಲ್ಲಾಪುರದಾಗ ರೆಕಾರ್ಡಿಂಗಿನವ್ರು ತಯಾರ್ ಅದಾರ. ನೀವು ಹೂಂ ಅನ್ರಿ ಸಾಕು. ಸಿನೆಮಾದವ್ರು ಹಲಗಿ ಬಿಟ್ಟು ಓಡಬೇಕು."

ಮಾಳಿಂಗಪ್ಪ ಚಹದ ಬಸಿ ಕೆಳಗಿಟ್ಟು ವಿಚಾರ ಮಾಡಿದ. ಅವನ ಹತ್ತಿರ ಒಂದು ಸವಾಲಿತ್ತು. ಗುರು ದೊಡ್ಡಪ್ಪ ದಪ್ಪಿನ ಜೊತೆಗೆ ಕಿವಿಯಲ್ಲಿ ಹೇಳಿ ಹೋಗಿದ್ದ ಸವಾಲು. ಇದನ್ನು ಕಂಡಕಂಡಲ್ಲಿ ಹಾಡಬೇಡ, ಕುತ್ತಿಗೆಗೆ ಬಂದಾಗ ಮಾತ್ರ ತೆಗೆ ಎಂದಿದ್ದ. ಈಗ ಕುತ್ತಿಗೆಗೇ ಬಂದಿತ್ತು.

"ಮೂರು ಮಾತು ಅದಾವ" ಎಂದ ಮಾಳಿಂಗಪ್ಪ. "ಹೆಸರು ನಂದು ಮೊದಲ ಬರಬೇಕು. ಕ್ಯಾಸೆಟ್ಟಿನ ಮೊದಲನೇ ಮಗ್ಗಲಾ ನಂದ. ಸವಾಲು ನಾ ಹಾಕಾಂವ."

ನಾಗಣ್ಣ ಕೊಳಕೂರಿಗೆ ಹೋಗಿ ಹಣಮವ್ವನ ಮುಂದೆ ಈ ಮೂರು ಮಾತು ಹೇಳಿದ. ಹಣಮವ್ವ ಎಲೆ ಅಡಿಕೆ ಅಗಿಯುತ್ತ, "ಇಷ್ಟ ಏನು? ಪೋಟೋನೂ ಆತಂದ ಒಬ್ಬಂದ ಹಾಕ್ರಿ, ಮಂದಿ ಅಂಜಿ ತಗೋತಾರ" ಎಂದಳಂತೆ. ಈ ಮಾತನ್ನು ನಾಗಣ್ಣ ಮಾಳಿಂಗಪ್ಪನವರೆಗೆ ತರಲಿಲ್ಲ. ಅವನು ವ್ಯಾಪಾರಸ್ಥ.

ಸೊಲ್ಲಾಪುರದ ರೆಕಾರ್ಡಿಂಗ್ ಕೋಣೆಯ ಗೋಡೆಗೆಲ್ಲ ಗಾದಿ ಬಡಿದಿದ್ದರು. ಜನ ಇಲ್ಲ, ಸಿಳ್ಳೆ ಇಲ್ಲ, ಶಾಭಾಷ್ ಅನ್ನುವವರಿಲ್ಲ. ಗೋಡೆಗೆ ಹಾಡಬೇಕು. ಆದರೂ ಮಾಳಿಂಗಪ್ಪ ಹಾಡಿದ, ನಿಜ ಹೇಳಬೇಕೆಂದರೆ ಚಂದ ಹಾಡಿದ. ಹಿಂದೆ ಅವನ ಮೇಳದ ಬೀರಣ್ಣ ತುಂತುಣಿ ಮೀಟುತ್ತ ದನಿಗೆ ಸೂರು ಎಳೆಯುತ್ತಿದ್ದ. ಅರ್ಧ ತಾಸು ಗಂಡಿನ ಹೆಚ್ಚುಗಾರಿಕೆಯನ್ನು ಆಕಾಶಕ್ಕೇರಿಸಿ, ಮಗ್ಗಲು ಮುಗಿಯುವ ಹೊತ್ತಿಗೆ ಗುರುವಿನ ಸವಾಲು ಹೊರಗೆ ತೆಗೆದ.

"ಗಂಡಿಲ್ಲದ ಮನೆಯೊಳಗ ಕಣಜ ತುಂಬಿದ್ದರೇನ
ಹೊತ್ತು ಮುಳುಗಿದ ಮ್ಯಾಲ ಬಾಗಿಲ ಕಾಯವರು ಯಾರ?"

ನಾಯಿ ಎಂದು ಉತ್ತರ ಬಂದರೆ ನಾಯಿಗೆ ಅನ್ನ ಹಾಕಿ ಸಾಕಿದವನು ಗಂಡಸು ಎಂದು ಹೊಡೆಯಲು ಒಂದು ನುಡಿ ತಯಾರಿತ್ತು. ಕೀಲಿ ಎಂದರೆ ಕೀಲಿ ಮಾಡಿದ ಕಮ್ಮಾರ ಗಂಡಸು. ದೇವರು ಎಂದರೆ ಪೂಜಾರಿ ಗಂಡಸು. ಎಲ್ಲ ದಾರಿಗೂ ಬೇಲಿ ಹಾಕಿ ಮಾಳಿಂಗಪ್ಪ ಕೈಕಟ್ಟಿ ಕೂತ.

ಎರಡನೆಯ ಮಗ್ಗಲು ಶುರುವಾಯಿತು. ಹಣಮವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ದಪ್ಪಿಗೆ ಎರಡು ಪೆಟ್ಟು ಹಾಕಿ, ಅವನ ಕಡೆ ತಿರುಗಿ ಹಾಡಿದಳು.

"ಜವಾಬು ಆಮ್ಯಾಲ ಹೇಳೇನು, ಮೊದಲ ನೀ ಹೇಳೊ ಜಾಣ
ನಿನ್ನ ಮನಿ ಬಾಗಿಲ ಯಾವ ದಿಕ್ಕಿಗೈತೆಪ್ಪ?"

ಮಾಳಿಂಗಪ್ಪ ಮನಸ್ಸಿನಲ್ಲೇ ತನ್ನ ಮನೆಯ ಎದುರು ಹೋಗಿ ನಿಂತ. ಬಾಗಿಲು ಕಾಣಿಸಿತು. ದಿಕ್ಕು ಹೊಳೆಯಲಿಲ್ಲ. ಮೂಡಲವೋ, ಬಡಗಣವೋ? ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವವನಿಗೆ ಬಾಗಿಲ ಮೇಲೆ ಬಿಸಿಲು ಯಾವಾಗ ಬೀಳುತ್ತದೆ ಎಂದು ಹೇಗೆ ಗೊತ್ತಾಗಬೇಕು? ಅವನಿಗೆ ಸಿಟ್ಟು ನೆತ್ತಿಗೇರಿತು. ಸವಾಲಿಗೆ ಸವಾಲು ಹಾಕುವುದು ಯಾವ ರಿವಾಜು! ಎದ್ದು, ಬಾಗಿಲು ನೂಕಿ, ಹೊರಗಿನ ಹೋಟೆಲಿಗೆ ಹೋಗಿ ಎರಡು ಚಹ ಕುಡಿದ.

ಮುಕ್ಕಾಲು ತಾಸಿನ ಮೇಲೆ ಬೀರಣ್ಣ ಹೊರಬಂದ. ಅವನ ಮುಖ ಬಾಡಿ ಇಷ್ಟಾಗಿತ್ತು.

"ಅಣ್ಣಾ, ಆಕಿ ಜವಾಬು..."

"ಆಕಿ ಮಾತು ನನ್ನ ಮುಂದ ತಗೀಬ್ಯಾಡ. ಸವಾಲಿಗಿ ಸವಾಲು ಹಾಕಿದಾಕಿ ಸೋತಂಗ. ನಡಿ, ಗಾಡಿ ಟೈಮಾತು."

ಬೀರಣ್ಣ ತುಂತುಣಿ ಹೆಗಲಿಗೆ ಹಾಕಿ ನಡೆದ. ಇಪ್ಪತ್ತು ವರ್ಷ ಸೂರು ಹಿಡಿದವನಿಗೆ ಯಾವಾಗ ಸುಮ್ಮನಿರಬೇಕು ಎಂಬುದು ಗೊತ್ತಿರುತ್ತದೆ.

ಕ್ಯಾಸೆಟ್ಟು ಬಂದ ಮೊದಲ ಸೋಮವಾರವೇ ಒಂದನೆಯ ನಂಬರು. ನಾಗಣ್ಣ ಬಣ್ಣದ ಬಳಪದಲ್ಲಿ "ಮಾಳಿಂಗಪ್ಪ, ಹಣಮವ್ವ ಸವಾಲ್-ಜವಾಬ್" ಎಂದು ಬರೆದು ಸುತ್ತ ಬಳ್ಳಿ ಬಿಡಿಸಿದ್ದ. ಮೂರು ತಾಲೂಕಿನಲ್ಲೂ ಹಿಂದೆಂದೂ ಇಷ್ಟು ಹೋದದ್ದಿಲ್ಲ ಎಂದ. ಸಿನೆಮಾದ ಹಾಡುಗಳು ಐದನೆಯ ನಂಬರಿಗೂ ಗತಿಯಿಲ್ಲದೆ ಹಲಗೆಯಿಂದ ಕೆಳಗೆ ಬಿದ್ದವು. ಮಾಳಿಂಗಪ್ಪ ಆ ದಿನ ಪಾನ್ ಡಬ್ಬಿಯ ಮರೆಗೆ ನಿಲ್ಲಲಿಲ್ಲ. ನಡುರಸ್ತೆಯಲ್ಲಿ ನಿಂತ, ಎರಡು ಲಾರಿಗಳು ಸುತ್ತಿ ಹೋದವು.

ಅವನ ಸಂತೋಷ ಮನೆಗೆ ಮರಳುವ ಟೆಂಪೋ ಹತ್ತುವವರೆಗೆ ಉಳಿಯಿತು. ಕ್ಲೀನರ್ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಮಾಳಿಂಗಪ್ಪಣ್ಣಾ, ದಪ್ಪು ಕೊಟ್ಟು ಬಂದ್ರೇನ್ರಿ?" ಎಂದ. ಟೆಂಪೋ ಪೂರಾ ನಕ್ಕಿತು.

ಮರುದಿನ ಕ್ಷೌರದ ಅಂಗಡಿಯಲ್ಲಿ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಅದೇ ಪ್ರಶ್ನೆ. ಹಿಟ್ಟಿನ ಗಿರಣಿಯಲ್ಲಿ ಅದೇ. ಆಳಂದದ ಸಂತೆಯಲ್ಲಿ ಎಮ್ಮೆ ನೋಡಲು ಹೋದರೆ ಎಮ್ಮೆಯ ಮಾಲಕನೂ ಅದನ್ನೇ ಕೇಳಿದ. "ಅದು ಹಾಡಿಕಿನ ಅಲ್ಲ" ಎಂದು ಮಾಳಿಂಗಪ್ಪ ವಾದ ಮಾಡಿದ. "ಮಂದಿ ಎಲ್ಲಿದ್ರು ಅಲ್ಲಿ? ಪಂಚರು ಎಲ್ಲಿದ್ರು?" "ನಾವೆಲ್ಲ ಮಂದಿ ಅಲ್ಲೇನ್ರಿ?" ಎಂದು ಎಮ್ಮೆಯವನು ತಿರುಗಿಸಿ ಕೇಳಿದ.

ಅಲ್ಲಿಗೆ ಮಾಳಿಂಗಪ್ಪನಿಗೆ ಒಂದು ವಿಷಯ ತಿಳಿಯಿತು. ಕಟ್ಟೆಯ ಮೇಲೆ ಮನುಷ್ಯ ಒಮ್ಮೆ ಸೋಲುತ್ತಾನೆ, ಮುಂದಿನ ಊರಿಗೆ ಹೋಗುವಷ್ಟರಲ್ಲಿ ಜನ ಮರೆಯುತ್ತಾರೆ. ಕ್ಯಾಸೆಟ್ಟಿನಲ್ಲಿ ಹಾಗಲ್ಲ. ಮುಂಜಾನೆ ಜೇವರ್ಗಿಯ ಹೋಟೆಲಿನಲ್ಲಿ ಸೋಲುತ್ತಿದ್ದ, ಮಧ್ಯಾಹ್ನ ಆಳಂದದ ಟೇಲರ್ ಅಂಗಡಿಯಲ್ಲಿ ಸೋಲುತ್ತಿದ್ದ, ಸಂಜೆ ಘತ್ತರಗಿಯ ದಾರಿಯಲ್ಲಿ ಟ್ರ್ಯಾಕ್ಟರಿನ ಮೇಲೆ ಸೋತುಕೊಂಡು ಹೊಲದಿಂದ ಮನೆಗೆ ಬರುತ್ತಿದ್ದ. ಅವನು ಊಟಕ್ಕೆ ಕೂತಾಗಲೂ ಎಲ್ಲೋ ಒಂದು ಕಡೆ ಸೋಲುತ್ತಲೇ ಇದ್ದ. ಇಷ್ಟು ಸಲ ಸೋತ ಹಾಡುಗಾರ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ, ಹಲಗೆಯ ಮೇಲೆ ನೋಡಿದರೆ ಒಂದನೆಯ ನಂಬರು.

ಇನ್ನೊಂದು ವಿಚಿತ್ರವೆಂದರೆ ಎಲ್ಲರೂ ಗಂಗುಬಾಯಿಯ ಯೋಗಕ್ಷೇಮ ಕೇಳತೊಡಗಿದ್ದು. "ಗಂಗುಬಾಯಾರು ಆರಾಮದಾರ್ರಿ? ನಮ್ಮ ಶರಣು ಹೇಳ್ರಿ" ಎನ್ನುವರು, ಬಾಯಿಗೆ ಟವೆಲು ಒತ್ತಿಕೊಳ್ಳುವರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಹೆಂಡತಿ ಇದ್ದಾಳೆ ಎಂಬುದನ್ನು ಯಾರೂ ಇಷ್ಟು ಸಲ ನೆನಪು ಮಾಡಿಕೊಟ್ಟಿರಲಿಲ್ಲ. ಇದೇನೆಂದು ಅವನಿಗೆ ಅರ್ಥವಾಗಲಿಲ್ಲ, ಏಕೆಂದರೆ ಎರಡನೆಯ ಮಗ್ಗಲನ್ನು ಅವನು ಈವರೆಗೆ ಕೇಳಿರಲೇ ಇಲ್ಲ. ಮನೆಯಲ್ಲಿ ಮೊದಲ ಮಗ್ಗಲು ಮುಗಿಯುತ್ತಲೂ ಟೇಪು ಬಂದ್ ಮಾಡಿ ಪೆಟ್ಟಿಗೆಗೆ ಕೀಲಿ ಹಾಕುತ್ತಿದ್ದ. ಟೆಂಪೋ ಹತ್ತಿದರೆ ಡ್ರೈವರನ ಹಿಂದೆಯೇ ಕೂತು, ಅಲ್ಲಿಯೂ ಮೊದಲ ಮಗ್ಗಲು ಮುಗಿದ ಕೂಡಲೆ, "ತಮ್ಮಾ, ತಲಿ ನೋಯಾಕತ್ತದ, ಜರಾ ಬಂದ್ ಮಾಡು" ಎನ್ನುತ್ತಿದ್ದ. ಡ್ರೈವರುಗಳಿಗೆ ಅದು ರೂಢಿಯಾಗಿ ಹೋಯಿತು. ಪಟಗ ಕಂಡರೆ ತಾವೇ ಕೈ ಚಾಚುತ್ತಿದ್ದರು.

ಕಡೆಗೆ ಅವನು ಒಂದು ಉಪಾಯ ಕಂಡುಕೊಂಡ. ಅಂಗಡಿಯಲ್ಲಿ ಕ್ಯಾಸೆಟ್ಟೇ ಇರದಿದ್ದರೆ ಜನ ಏನು ಕೇಳುತ್ತಾರೆ? ಬೀರಣ್ಣನನ್ನು ಆಳಂದಕ್ಕೆ, ಜೇವರ್ಗಿಗೆ ಕಳಿಸಿದ, ಅಫಜಲಪುರಕ್ಕೆ ಗುರುತು ಸಿಗದ ಹೆಣ್ಣುಮಕ್ಕಳನ್ನು ಕಳಿಸಿದ, ಸಿಕ್ಕಷ್ಟೂ ಕ್ಯಾಸೆಟ್ಟು ಕೊಂಡು ತರಿಸಿ ಮನೆಯ ಜೋಳದ ಕಣಜದಲ್ಲಿ ಹೂತಿಟ್ಟ. ಮುಂದಿನ ಸೋಮವಾರ ಹೋಗಿ ನೋಡಿದರೆ ಒಂದನೆಯ ನಂಬರು ಗಟ್ಟಿಯಾಗಿ ಕೂತಿದೆ, ಬಳ್ಳಿಗೆ ಈಗ ಹೂವೂ ಬಿಟ್ಟಿದೆ.

"ನಿಮ್ಮೂರಾಗಂತೂ ಭಾಳ ಡಿಮ್ಯಾಂಡ್ ಅದ್ರಿ" ಎಂದ ನಾಗಣ್ಣ. "ಸೊಲ್ಲಾಪುರಕ್ಕ ಮತ್ತ ಹೇಳಿ ಕಳಸೇನಿ. ಇಮ್ಮಡಿ ಹಾಕ್ರಿ ಅಂದೇನಿ."

ಮಾಳಿಂಗಪ್ಪ ಮತ್ತೆ ಕೊಂಡ. ಅವರು ಮತ್ತೆ ಹಾಕಿದರು. ಒಂಬತ್ತು ವಾರ ಹೀಗೇ ನಡೆಯಿತು. ತನ್ನ ಸೋಲನ್ನು ಒಂದನೆಯ ನಂಬರಿನಲ್ಲಿ ಎತ್ತಿ ಹಿಡಿದು ನಿಲ್ಲಿಸಿದವನು ತಾನೇ ಎಂಬುದು ಹೊಳೆಯಲು ಅವನಿಗೆ ಒಂಬತ್ತು ಸೋಮವಾರ ಬೇಕಾದವು. ಮನುಷ್ಯ ಪದ ಕಟ್ಟುವುದರಲ್ಲಿ ಜಾಣನಾಗಿದ್ದ, ಉಳಿದದ್ದರಲ್ಲಿ ನಮ್ಮ ನಿಮ್ಮಂತೆ.

ಹತ್ತನೆಯ ವಾರ ಒಂದು ದಿನ ಅಫಜಲಪುರದಿಂದ ಮಧ್ಯಾಹ್ನವೇ ಮರಳಿದ. ಮನೆಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೂ ಇಲ್ಲ. ರೊಟ್ಟಿ ಮುಚ್ಚಿಟ್ಟಿತ್ತು. ಕಣಜದಲ್ಲಿ ಕೈಯಾಡಿಸಿದರೆ ಬರೀ ಜೋಳ, ಒಂದು ಕ್ಯಾಸೆಟ್ಟೂ ಇಲ್ಲ. ಅಷ್ಟರಲ್ಲಿ ಎರಡು ಮನೆಯಾಚೆ, ಬಟ್ಟೆ ಹೊಲಿಯುವ ಸುಲ್ತಾನಬಿಯ ಅಂಗಳದಿಂದ ತನ್ನದೇ ದನಿ ಕೇಳಿಸಿತು. ಗೋಡೆಗೆ ಒರಗಿ ನಿಂತ. ಒಳಗೆ ಓಣಿಯ ಹೆಂಗಸರೆಲ್ಲ ತೊಗರಿ ಹಸನು ಮಾಡುತ್ತ ಕೂತಿದ್ದರು, ಒಬ್ಬೊಬ್ಬರ ಪಕ್ಕದಲ್ಲೂ ಕಣಜದ ಧೂಳು ಹತ್ತಿದ ಒಂದೊಂದು ಕ್ಯಾಸೆಟ್ಟು. ತನ್ನ ಸವಾಲು ಬಂತು. ಅವನ ಎದೆ ಉಬ್ಬಿತು.

"ಇದು ಮುಗೀತು, ತಿರುವಿ ಹಾಕ ಬೇ ಸುಲ್ತಾನಬಿ" ಎಂದಿತು ಗಂಗುಬಾಯಿಯ ದನಿ. "ಖರೇ ಹಾಡು ಆ ಮಗ್ಗಲದಾಗ ಅದ."

ಮಾಳಿಂಗಪ್ಪನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಆದರೆ ಸ್ವಂತ ಹೆಂಡತಿ ಖರೇ ಹಾಡು ಎಂದದ್ದು ಯಾವುದು ಎಂದು ತಿಳಿಯದೆ ಕಾಲು ಏಳಲಿಲ್ಲ. ನಿಂತು ಪೂರಾ ಕೇಳಿದ. ದಿಕ್ಕಿನ ಮಾತು ಬಂತು, ಅಲ್ಲಿ ಬಾಗಿಲು ನೂಕಿದ ಸದ್ದೂ ಬಂತು, ಅದು ತಾನು ಎದ್ದು ಹೋದದ್ದು. ಅದರ ಮೇಲೆ ಹಣಮವ್ವ ದನಿ ಏರಿಸಿದ್ದಳು.

"ಇಪ್ಪತ್ತು ವರುಷಾತ ದಪ್ಪು ಬಡಕೋತ ತಿರಗಿದಿ
ಅತನೂರಾಗ ನಿನ್ನ ಬಾಗಿಲ ಕಾದವರು ಯಾರ?
ನನ್ನ ಕೇಳಬ್ಯಾಡೊ ಜಾಣ, ಮನಿಗಿ ಹೋಗಿ ನೀನು
ನಿನ್ನ ಗಂಗುಬಾಯೀನ ಕೇಳ."

ಹೆಂಗಸರು ಹೋ ಎಂದು ನಕ್ಕರು. ಗಂಗುಬಾಯಿ ನಗಲಿಲ್ಲ. ಮೊರ ಮಡಿಲಲ್ಲಿಟ್ಟುಕೊಂಡು ಟೇಪಿನ ಕಡೆ ನೋಡುತ್ತ ಕೂತಿದ್ದಳು, ಅವಳ ಹೆಸರನ್ನು ಯಾರೋ ಪದದಲ್ಲಿ ಕಟ್ಟಿದ್ದಾರೆ ಎಂಬುದು ಅವಳಿಗೆ ಇನ್ನೂ ಹೊಸದಾಗಿಯೇ ಇತ್ತು. ಗೋಡೆಯ ಸಂದಿಯಿಂದ ಅದನ್ನು ನೋಡಿದ ಮಾಳಿಂಗಪ್ಪನಿಗೆ ನಾಚಿಕೆಯಾಯಿತು. ಇಷ್ಟು ಪದ ಕಟ್ಟಿದ್ದ, ಒಂದರಲ್ಲೂ ಆ ಹೆಸರು ಬಂದಿರಲಿಲ್ಲ.

ಟೇಪು ಟಕ್ಕೆಂದು ನಿಂತಿತು. ಮೂಲೆಯಲ್ಲಿ ಕೂತಿದ್ದ ಮುದುಕಿ ಮಲ್ಕಮ್ಮ, "ಅಲ್ಲ ಬೇ, ಮಂಗಳ ಹಾಡಲಿಲ್ಲಲ್ಲ ಇವ್ರು?" ಎಂದಳು.

"ಮಂಗಳಕ್ಕ ಇಬ್ರು ಬೇಕಲ್ಲಬೇ ಯವ್ವಾ" ಎಂದಳು ಗಂಗುಬಾಯಿ. "ನಮ್ಮವ್ರು ನಡುವ ಎದ್ದು ಹೋಗ್ಯಾರ. ಅದು ಅವ್ರ ಚಾಳಿನ."

ಗೋಡೆಯ ಈಚೆ ಮಾಳಿಂಗಪ್ಪನ ನಾಚಿಕೆ ಆ ಕ್ಷಣಕ್ಕೇ ಹಾರಿಹೋಯಿತು. ಮಂಗಳ ಹಾಡಿಲ್ಲ! ಮಂಗಳ ಆಗದಿದ್ದರೆ ಹಾಡಿಕೆ ಮುಗಿದಿಲ್ಲ. ಹಾಡಿಕೆ ಮುಗಿಯದಿದ್ದರೆ ಸೋಲೂ ಇಲ್ಲ, ಗೆಲುವೂ ಇಲ್ಲ, ಗುರುವಿನ ದಪ್ಪು ಗೂಟದ ಮೇಲೆ ಭದ್ರ! ಉಂಡೆನೆಂಬ ಖಬರಿಲ್ಲದೆ ರೊಟ್ಟಿ ಉಂಡು, ಮತ್ತೆ ಟೆಂಪೋ ಹತ್ತಿ ಅಫಜಲಪುರಕ್ಕೆ ಹೋಗಿ, ನಾಗಣ್ಣನ ಹಲಗೆಯ ಮುಂದೆ ನಿಂತು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಸಾರಿದ.

"ಕೇಳ್ರೆಪ್ಪೋ! ಆ ಕ್ಯಾಸೆಟ್ಟಿನ್ಯಾಗ ಮಂಗಳ ಇಲ್ಲ. ರಿವಾಜು ಬಲ್ಲವ್ರು ಹೇಳ್ರಿ, ಮಂಗಳಿಲ್ಲದ ಹಾಡಿಕಿಗಿ ಸೋಲು ಎಲ್ಲೀದು?"

ರಿವಾಜು ಬಲ್ಲ ಮುದುಕರು ತಲೆದೂಗಿದರು. ಹೌದು, ಸೋಲಿಲ್ಲ. ಮಾಳಿಂಗಪ್ಪ ಆ ವಾರ ಹೊಟ್ಟೆ ತುಂಬ ಉಂಡ.

ಆದರೆ ಮಂಗಳವಿಲ್ಲದ ಹಾಡಿಕೆಯನ್ನು ಮನೆಮನೆಯಲ್ಲಿ ದಿನಕ್ಕೆ ಐದು ಸಲ ಹಾಕುತ್ತಿದ್ದೇವೆ ಎಂಬುದು ಜನರಿಗೆ ಅಲ್ಲಿಯವರೆಗೆ ಲಕ್ಷ್ಯಕ್ಕೆ ಬಂದಿರಲಿಲ್ಲ. ಈಗ ಬಂತು. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಜಗಳ ಹಚ್ಚಿ, ಆರಿಸದೆ ಬಿಟ್ಟರೆ ಏನಾಗಬೇಕು? ಆಳಂದದಲ್ಲಿ ಒಬ್ಬ ಹೆಂಡತಿ ತವರಿಗೆ ಹೋಗಿದ್ದಳು, ಅದಕ್ಕೆ ಕಾರಣ ಕ್ಯಾಸೆಟ್ಟು. ಜೇವರ್ಗಿಯಲ್ಲಿ ಒಬ್ಬ ಗಂಡ ಎಂಟು ದಿನದಿಂದ ಕೈಯಾರೆ ಅಡಿಗೆ ಮಾಡಿಕೊಳ್ಳುತ್ತಿದ್ದ, ಅದಕ್ಕೂ ಕ್ಯಾಸೆಟ್ಟೇ. ಯಾರದೋ ಎಮ್ಮೆ ಒದೆಯತೊಡಗಿದ್ದೂ ಅದರ ತಲೆಗೇ ಬಂತು. "ದಪ್ಪು ಕೊಟ್ರೇನ್ರಿ?" ಎಂದು ಕೇಳುತ್ತಿದ್ದವರೆಲ್ಲ ಈಗ, "ಮಂಗಳ ಯಾವಾಗ್ರಿ?" ಎಂದು ಕೇಳತೊಡಗಿದರು, ನಗದೆ ಕೇಳತೊಡಗಿದರು. ಕೊಳಕೂರಿನಿಂದ ಹಣಮವ್ವನೂ ಹೇಳಿ ಕಳಿಸಿದಳು. "ನಾ ಮನ್ಯಾಗ ಅದೇನಿ. ಹಾಡಾಂವ ಇದ್ರ ಬಾ. ಇಲ್ಲಾಂದ್ರ ಹಾಡಂಗಿಲ್ಲ ಅಂತ ಹೇಳಿ ಕಳಸು. ಮಂದಿ ನನ್ನ ಜೀವಾ ತಿನ್ನಾಕತ್ತಾರ."

ಈಗ ಮಾಳಿಂಗಪ್ಪ ಸಿಕ್ಕಿಬಿದ್ದ. ಮಂಗಳ ಹಾಡಿದರೆ ಹಾಡಿಕೆ ಮುಗಿಯುತ್ತದೆ, ಮುಗಿದರೆ ಸೋಲು ಸೋಲೇ, ಗುರುವಿನ ದಪ್ಪು ಹೋಗುತ್ತದೆ. ಹಾಡದಿದ್ದರೆ ದಪ್ಪು ಉಳಿಯುತ್ತದೆ, ಮೂರು ತಾಲೂಕಿನ ಶಾಪವೂ ಉಳಿಯುತ್ತದೆ. ಎರಡು ದಿನ ಗೂಟದ ಕೆಳಗೆ ಕೂತು ದಪ್ಪು ನೋಡಿದ. ಮೂರನೆಯ ದಿನ ಮುಂಜಾನೆ ಅಂಗಳಕ್ಕೆ ಬಂದು ಬಾಗಿಲು ನೋಡಿದ. ಎಳೆಬಿಸಿಲು ನೇರ ಹೊಸ್ತಿಲ ಮೇಲೆ ಬಿದ್ದಿತ್ತು. ಮೂಡಲ.

ಗಂಗುಬಾಯಿ ಹೊಸ್ತಿಲಿಗೆ ರಂಗೋಲಿ ಹಾಕುತ್ತಿದ್ದಳು.

"ಗಂಗೂ" ಎಂದ.

ಅವಳು ತಲೆ ಎತ್ತಿದಳು. ಅವನು ಅವಳನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ.

"ನಾ ಇಲ್ಲದಾಗ ಬಾಗಿಲಾ ಯಾರ ಕಾಯ್ತಿದ್ರು?"

ಅವಳು ರಂಗೋಲಿಯ ಎಳೆ ಮುಗಿಸಿ, ಕೈ ಝಾಡಿಸಿ, ಸಾವಕಾಶವಾಗಿ ಹೇಳಿದಳು. "ಯಾರೂ ಕಾಯ್ತಿದ್ದಿಲ್ರಿ. ತಗದ ಇರ್ತಿತ್ತು. ಕದ್ದು ಒಯ್ಯಾಕ ಈ ಮನ್ಯಾಗ ಏನಿತ್ತು? ನೀವೊಬ್ರು ಇದ್ರಿ, ನಿಮ್ಮನ್ನ ಹಾಡು ಮೊದಲ ಒಯ್ದಿತ್ತು."

ಗುರು ದೊಡ್ಡಪ್ಪನಿಗೂ ಹೆಂಡತಿ ಇದ್ದಳು, ಈ ಸವಾಲನ್ನು ಕಟ್ಟುವಾಗ ಆ ಮುದುಕ ಅವಳನ್ನು ಕೇಳಿರಲಿಲ್ಲ ಎಂಬುದು ಮಾಳಿಂಗಪ್ಪನಿಗೆ ಈಗ ತಿಳಿಯಿತು. ಒಳಗೆ ಹೋಗಿ ಗೂಟದಿಂದ ದಪ್ಪು ಇಳಿಸಿದ.

"ಕೊಳಕೂರಿಗಿ ಹೊಂಟೇನಿ" ಎಂದ. ಹೊಸ್ತಿಲ ಹತ್ತಿರ ನಿಂತು, ದಪ್ಪನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ನೀ ಬರ್ತಿಯೇನು?" ಎಂದ.

ಗಂಗುಬಾಯಿ ಇಳಕಲ್ ಸೀರೆ ಉಟ್ಟು ಹೊರಡಲು ತೆಗೆದುಕೊಂಡದ್ದು ಹತ್ತೇ ನಿಮಿಷ. ಆ ಸೀರೆ ಮೊದಲೇ ಮಡಿಕೆ ಮಾಡಿ ಮೇಲಿಟ್ಟಿತ್ತೋ ಏನೋ.

ಕೊಳಕೂರಿನಲ್ಲಿ ಹಣಮವ್ವ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಮಾಳಿಂಗಪ್ಪ ದಪ್ಪು ಹಿಡಿದು ಹೊರಟ ಸುದ್ದಿ ಟೆಂಪೋದವರ ಬಾಯಿಂದ ಮೊದಲೇ ಮುಟ್ಟಿ, ಸುತ್ತಮುತ್ತಲ ಊರಿನ ಜನ ನೆರೆದಿತ್ತು. ನಾಗಣ್ಣ ಅಂಗಡಿ ಮುಚ್ಚಿ ಟೇಪ್ ರೆಕಾರ್ಡರ್ ಹೊತ್ತುಕೊಂಡು ಬಂದಿದ್ದ. ಹಣಮವ್ವ ಮಾಳಿಂಗಪ್ಪನನ್ನು ಬಿಟ್ಟು ಮೊದಲು ಗಂಗುಬಾಯಿಯ ಕೈ ಹಿಡಿದಳು. "ನೀನ ಏನ್ ಬೇ ನನ್ನ ಜವಾಬು? ಬಾ, ಕೂಡು ಇಲ್ಲಿ." ಆಮೇಲೆ ಅವನ ಕಡೆ ತಿರುಗಿದಳು.

"ದಿಕ್ಕು ಸಿಕ್ತೇನಪ್ಪಾ?"

"ಮೂಡಲಕ್ಕದ" ಎಂದ ಮಾಳಿಂಗಪ್ಪ. ಜನ ನಗಲು ಬಾಯಿ ತೆರೆದರು, ಆದರೆ ಅವನು ಕೈ ಎತ್ತಿದ. "ಹಣಮವ್ವಾ, ನಿನ್ನ ಜವಾಬು ಪೂರಾ ಕೇಳಿನಿ. ತಡಾ ಆತು. ಅದರಂಥ ಜವಾಬು ನಾ ಕೇಳಿಲ್ಲ. ಮಂಗಳ ಹಾಡೂಣು, ನಾ ಸೋತೇನಿ."

ಇಬ್ಬರೂ ಕೂಡಿ ಮಂಗಳ ಹಾಡಿದರು. ಗಂಡೂ ಇರಲಿ, ಹೆಣ್ಣೂ ಇರಲಿ, ಹೊಸ್ತಿಲು ತಣ್ಣಗಿರಲಿ ಎಂದು ಹಾಡಿದರು. ಎರಡು ದನಿ ಜಗಳಕ್ಕಿಂತ ಕೂಡಿದಾಗಲೇ ಹೆಚ್ಚು ಚಂದ ಎಂಬುದು ಜನಕ್ಕೆ ಆಗ ಗೊತ್ತಾಯಿತು, ಅವರಿಬ್ಬರಿಗೂ ಆಗಲೇ ಗೊತ್ತಾದದ್ದು. ಮಾಳಿಂಗಪ್ಪನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಎರಡೂ ಕೈಯಿಂದ ದಪ್ಪು ಒಪ್ಪಿಸಿದ. ಹಣಮವ್ವ ದೊಡ್ಡಮನಸ್ಸು ಮಾಡಿ ವಾಪಸು ಕೊಟ್ಟಾಳು ಎಂದು ಒಂದಿಬ್ಬರು ಕಾದರು. ಅವಳು ಅಂಥ ಹೆಂಗಸಲ್ಲ. ದಪ್ಪು ಇಸಿದುಕೊಂಡು ಬೆರಳಿನಿಂದ ತಟ್ಟಿ, "ಚರ್ಮ ಸಡ್ಲಾಗ್ಯಾದ, ಬಿಸಲಿಗಿ ಹಿಡೀಬೇಕು" ಎಂದು ಒಳಗೆ ಒಯ್ದಳು. ನಾಗಣ್ಣ ಮಂಗಳವನ್ನು ಹೊಸ ಕ್ಯಾಸೆಟ್ಟಿಗೆ ಸೇರಿಸುವುದಾಗಿಯೂ, ಅದಕ್ಕೆ ಜಾಗ ಸಾಲದ್ದರಿಂದ ಮಾಳಿಂಗಪ್ಪನ ನಾಲ್ಕು ನುಡಿ ಕತ್ತರಿಸುವುದಾಗಿಯೂ ಅಲ್ಲೇ ಹೇಳಿಬಿಟ್ಟ.

ಮರಳುವ ಟೆಂಪೋದಲ್ಲಿ ಗಂಡಹೆಂಡತಿ ಡ್ರೈವರನ ಹಿಂದೆ ಕೂತರು. ಹಳೆಯ ಕ್ಯಾಸೆಟ್ಟೇ ಓಡುತ್ತಿತ್ತು. ಮೊದಲ ಮಗ್ಗಲು ಮುಗಿಯಿತು. ಡ್ರೈವರ್ ಕನ್ನಡಿಯಲ್ಲಿ ಗುಲಾಬಿ ಪಟಗ ನೋಡಿ, ಬಂದ್ ಮಾಡಲು ಕೈ ಚಾಚಿದ.

"ತಿರುವಿ ಹಾಕು ತಮ್ಮಾ" ಎಂದ ಮಾಳಿಂಗಪ್ಪ.

ಹಣಮವ್ವನ ದನಿ ಏರಿತು. ಗಂಗುಬಾಯಿಯ ಹೆಸರು ಬಂದಾಗ ಟೆಂಪೋ ಪೂರಾ ಹೊರಳಿ ನೋಡಿತು, ಅವನನ್ನಲ್ಲ, ಅವಳನ್ನು. ಅವಳು ಸೆರಗು ಸರಿಮಾಡಿಕೊಂಡಳು. ದಪ್ಪಿಲ್ಲದ ಮಾಳಿಂಗಪ್ಪ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಭೀಮಾ ನದಿಯ ಸೇತುವೆ ದಾಟುವಾಗ ಗಂಗುಬಾಯಿ ಒಮ್ಮೆಲೇ ಅವನ ಕೈ ಹಿಡಿದಳು.

"ಏನ್ರೀ, ಬರೂಮುಂದ ಬಾಗಿಲಾ ಹಾಕಿದ್ರಿಲ್ಲೋ?"

ಮಾಳಿಂಗಪ್ಪನ ತಾಳ ನಿಂತಿತು. ಮುಂಜಾನೆ ಮನೆಯಿಂದ ಕಡೆಗೆ ಹೊರಬಿದ್ದವನು ಅವನೇ. ಎಷ್ಟು ನೆನಪಿಸಿಕೊಂಡರೂ ಚಿಲಕದ ಸದ್ದು ನೆನಪಿಗೆ ಬರಲಿಲ್ಲ. ಅವನ ಮುಖ ನೋಡಿ ಗಂಗುಬಾಯಿ, ಸುಲ್ತಾನಬಿಯ ಅಂಗಳದಲ್ಲಿ ನಗದೆ ಉಳಿಸಿಕೊಂಡಿದ್ದ ನಗೆಯನ್ನೆಲ್ಲ ಒಮ್ಮೆಗೇ ನಕ್ಕಳು.

"ಇರ್ಲಿ ಬಿಡ್ರಿ" ಎಂದಳು. "ಕದಿಯೂದು ಏನದ ಅಲ್ಲಿ? ನೀವು ಇಲ್ಲೇ ಕುಂತೀರಲ್ಲ."